ಅರ್ಧ ಬಟ್ಟಲು ಗಂಜಿಗೊಂದು ಒಲೆ

ದಹಿಸರ್, ಹೊರಡುವ ಮೊದಲು

ಪರದೇಶಕ್ಕೆ ಹೊರಟವರು ಮೊದಲು ಸ್ವೆಟರು ಕೊಳ್ಳುತ್ತಾರೆ, ಒಳ್ಳೆಯ ಶೂ ಕೊಳ್ಳುತ್ತಾರೆ. ನಾವು ಒಲೆ ಹುಡುಕಲು ಹೊರಟೆವು. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಒಲೆ. ಆ ಪುಟ್ಟ ಒಲೆ ಎರಡು ತಿಂಗಳು ನನ್ನ ನಿದ್ದೆ ತಿಂದುಹಾಕಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಹೆದರುಪುಕ್ಕಲಿ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು. ಪಿಕ್‌ನಿಕ್ಕಿಗೆ ಹೋದರೆ ಮಕ್ಕಳ ತಲೆಯನ್ನು ನಾಲ್ಕು ಸಲ ಎಣಿಸುತ್ತಿದ್ದೆ. ಈಗಲೂ ದಹಿಸರ್ ಸ್ಟೇಷನ್ನಿನ ತನಕ ಹೋಗಿ, ಬೀಗ ಹಾಕಿದ್ದೇನೋ ಇಲ್ಲವೋ ಎಂದು ಮೂರನೇ ಮಾಳಿಗೆಗೆ ಮರಳಿ ಹತ್ತುವುದುಂಟು. "ನಿನ್ನ ಹೆದರಿಕೆಗೂ ಒಂದು ಪಾಸ್ ಮಾಡಿಸ್ಬೇಕು ಮಾರಾಯ್ತಿ. ದಿನಾ ನಮ್ಮ ಜೊತೆ ಲೋಕಲ್‌ನಲ್ಲಿ ಪುಕ್ಕಟೆ ಬರ್ತಾ ಉಂಟು" ಎಂದು ಇವರು ತಮಾಷೆ ಮಾಡುತ್ತಾರೆ.

ಇವರು ಅಂದರೆ ನನ್ನ ಗಂಡ ವಾಸುದೇವ. ಹದಿನಾರನೇ ವಯಸ್ಸಿಗೆ ಉಡುಪಿ ಕಡೆಯ ಹಳ್ಳಿಯಿಂದ ಗ್ರಾಂಟ್ ರೋಡಿನ ಹೋಟೆಲೊಂದಕ್ಕೆ ಬಂದು, ಲೋಟ ತೊಳೆದು, ದೋಸೆ ಕಾವಲಿಯ ಮುಂದೆ ಬೆವರು ಸುರಿಸಿ, ಕೊನೆಗೆ ಅದೇ ಹೋಟೆಲಿಗೆ ಪಾಲುದಾರರಾದವರು. ಹೋದ ಮಳೆಗಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಇವರ ಜಠರದ ಒಂದು ಭಾಗವನ್ನೇ ತೆಗೆದುಹಾಕಿದರು. ಅಂದಿನಿಂದ ಡಾಕ್ಟರರ ಕಟ್ಟಪ್ಪಣೆ: ಮೂರು ಗಂಟೆಗೊಮ್ಮೆ ಅರ್ಧ ಬಟ್ಟಲು, ಮೆತ್ತಗೆ, ಬೆಚ್ಚಗೆ. ಎಣ್ಣೆ ಬೇಡ, ಖಾರ ಬೇಡ, ತಣ್ಣಗಿದ್ದದ್ದು ಬೇಡ. ಅಂದರೆ ಗಂಜಿ.

ಊರಿಗೆಲ್ಲ ಬಡಿಸಿದ ಮನುಷ್ಯನಿಗೆ ಊಟವೆಂದರೆ ಬೇಸರ ಬಂದುಬಿಟ್ಟಿತು. ಮೇಜಿನ ಮೇಲೆ ನನ್ನ ಬಟ್ಟಲು ತುಂಬ, ಅವರದು ಅರ್ಧ. ಆ ಅರ್ಧದಲ್ಲೂ ಅರ್ಧ ಬಿಟ್ಟು, ಹೊರಟುಹೋದ ಲೋಕಲ್ಲನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡುವವರಂತೆ ನನ್ನ ಬಟ್ಟಲನ್ನು ನೋಡುತ್ತಿದ್ದರು. ಎರಡು ಹೊತ್ತು ತಪ್ಪಿದರೆ ಕೈ ನಡುಗಿ, ಬೆವರಿ, ಇದ್ದಲ್ಲೇ ಕುಸಿಯುತ್ತಾರೆ. ಒಮ್ಮೆ ಬೋರಿವಲಿ ಸ್ಟೇಷನ್ನಿನಲ್ಲಿ ಹಾಗಾಗಿತ್ತು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತಿದ್ದ ಆ ಹತ್ತು ನಿಮಿಷ ಇಂದಿಗೂ ನನ್ನ ಎದೆಯಿಂದ ಇಳಿದಿಲ್ಲ.

ಇನ್ನೊಂದು ಸಂಗತಿಯಿದೆ. ಆಸ್ಪತ್ರೆಯಿಂದ ಬಂದ ಮೇಲೆ ಇವರು ಒಲೆ ಮುಟ್ಟಲಿಲ್ಲ. ಹೋಟೆಲಿಗೆ ಹೋದರೂ ಗಲ್ಲಾಪೆಟ್ಟಿಗೆಯ ಮುಂದೆ ಒಂದು ಗಂಟೆ ಕೂತು ಬರುತ್ತಿದ್ದರು. ಆದರೆ ಆಸ್ಪತ್ರೆಯ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚಿತ್ರವಿತ್ತು. ನೀಲಿ ಸರೋವರ, ಹುಲ್ಲುಗಾವಲು, ಬಿಳಿಯ ದುಂಡು ಡೇರೆಗಳು, ಕುದುರೆಗಳು. ಅದನ್ನು ನೋಡುತ್ತ ಒಂದು ದಿನ ಹೇಳಿದರು: "ನಲವತ್ತು ವರ್ಷ ಬೆಂಕಿ ಎದುರು ನಿಂತದ್ದೆಲ್ಲ ಬೇರೆಯವರ ಆರ್ಡರಿಗೆ. ಒಮ್ಮೆ ಅಂಥ ಬಯಲಲ್ಲಿ ಕೂತು, ಯಾರೂ 'ಬೇಗ ಬೇಗ' ಹೇಳದ ಹಾಗೆ ಒಂದು ಗಂಜಿ ಬೇಯಿಸ್ಬೇಕು."

ಆ ಜಾಗ ಕಿರ್ಗಿಸ್ತಾನದ್ದೆಂದು ಆಮೇಲೆ ತಿಳಿಯಿತು. ಡಾಕ್ಟರರು ಹೋಗಬಹುದೆಂದರು, ಊಟದ ನಿಯಮ ಮಾತ್ರ ತಪ್ಪಬಾರದು ಎಂದರು. ಅಂಗಡಿಯಿಲ್ಲದ, ಅಕ್ಕಿ ಸಿಗದ ಬೆಟ್ಟದಲ್ಲಿ ಮೂರು ಗಂಟೆಗೊಮ್ಮೆ ಗಂಜಿ ಎಲ್ಲಿಂದ ತರುವುದು? ಹಾಗಾಗಿ ನಮ್ಮ ಪ್ರವಾಸ ಶುರುವಾದದ್ದು ಒಲೆಯ ಅಂಗಡಿಯಿಂದ.

ಗೋರೆಗಾಂವ್

ಅಂಗಡಿ ಇದ್ದದ್ದು ಗೋರೆಗಾಂವ್ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ, ಒಂದು ಹಳೆಯ ಬಿಲ್ಡಿಂಗಿನ ಒಳಗೆ. ನಡೆಸುವವಳು ಮಾನಸಿ ಎಂಬ ಮರಾಠಿ ಹೆಂಗಸು, ಸಹ್ಯಾದ್ರಿಯ ಕೋಟೆಗಳನ್ನೆಲ್ಲ ಹತ್ತಿಳಿದವಳು. ನಮ್ಮ ತಲೆಗೂದಲು ನೋಡಿ, ಮಗನಿಗೋ ಅಳಿಯನಿಗೋ ಉಡುಗೊರೆ ಕೊಳ್ಳಲು ಬಂದವರು ಎಂದುಕೊಂಡಳು. ನಮಗೇ ಎಂದಾಗ ಎರಡು ಸ್ಟೂಲು ಎಳೆದು ಕೂರಿಸಿದಳು.

ಮೇಜಿನ ಮೇಲೆ ಮೂರು ಒಲೆ ಬಂದವು. ಒಂದು ಗ್ಯಾಸಿನದು: ಡಬ್ಬಿಯ ನೆತ್ತಿಗೆ ತಿರುಪಿ ಕೂರಿಸುವ ಪುಟ್ಟ ಬರ್ನರು, ಮೂರು ಕಾಲು ಬಿಡಿಸಿದರೆ ಪಾತ್ರೆ ನಿಲ್ಲುತ್ತದೆ. ಇನ್ನೊಂದು ಸ್ಪಿರಿಟ್ಟಿನದು: ಕುಂಕುಮದ ಭರಣಿಯಂಥ ಹಿತ್ತಾಳೆಯ ಬಟ್ಟಲು. ಮೂರನೆಯದು ಪೆಟ್ರೋಲಿನದು: ಬಾಟಲಿ, ನಳಿಗೆ, ಪಂಪು.

ಮೂರಕ್ಕೂ ನನ್ನ ಪ್ರಶ್ನೆ ಒಂದೇ. "ಯೆ ಫಟೇಗಾ ಕ್ಯಾ?" ಸಿಡಿಯುತ್ತದಾ?

ಮಾನಸಿ ಪುಣ್ಯವಂತೆ, ನಗಲಿಲ್ಲ. ಸ್ಪಿರಿಟ್ ಸಿಡಿಯುವುದಿಲ್ಲ, ಸದ್ದೂ ಮಾಡುವುದಿಲ್ಲ, ಆದರೆ ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ ಎಂದಳು. ಕಾಣದ ಬೆಂಕಿ! ನಾನು ಅಲ್ಲೇ ಸೆರಗು ಸುತ್ತಿಕೊಂಡೆ. ಪೆಟ್ರೋಲು ಜಗತ್ತಿನ ಯಾವ ಮೂಲೆಯಲ್ಲೂ ಸಿಗುತ್ತದೆ, ಚಳಿಗೆ ಜಗ್ಗುವುದಿಲ್ಲ, ಆದರೆ ಹಚ್ಚುವಾಗ ಒಂದು ಗೇಣು ಭಗ್ಗೆನ್ನುತ್ತದೆ. ಒಮ್ಮೆ ಬಳಸಿದರೆ ವಾಸನೆ ಹೋಗುವುದಿಲ್ಲ, ಏರ್‌ಪೋರ್ಟಿನವರು ಮೂಸಿ ನೋಡಿ ತೆಗೆದಿಟ್ಟುಕೊಳ್ಳುತ್ತಾರೆ. ಗ್ಯಾಸು ಎಲ್ಲಕ್ಕಿಂತ ಸುಲಭ, ಶುದ್ಧ. "ಲೇಕಿನ್ ಆಂಟಿ, ಡಬ್ಬಾ ಫ್ಲೈಟ್ ಮೇ ಬಿಲ್ಕುಲ್ ನಹೀ." ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲಿಗೆ ಹೋಗಿಯೇ ಕೊಳ್ಳಬೇಕು. ಕೊಂಡರೂ ಬ್ಯೂಟೇನ್ ಒಂದೇ ಇರುವ ಡಬ್ಬಿ ಚಳಿಗೆ ಮಂಕಾಗುತ್ತದೆ, ಪ್ರೊಪೇನ್ ಬೆರೆತದ್ದನ್ನೇ ಕೇಳಿ ತೆಗೆದುಕೊಳ್ಳಬೇಕು. ಯಾವ ಒಲೆಯನ್ನೇ ಆಗಲಿ ಡೇರೆಯ ಒಳಗೆ ಮಾತ್ರ ಹಚ್ಚಕೂಡದು, ಹೊಗೆ ಕಾಣದಿದ್ದರೂ ಉಸಿರು ಕಟ್ಟಿ ಸಾಯುತ್ತಾರೆ.

ನನಗೆ ಮೂರೂ ಬೇಡವೆನಿಸಿತು. ಪ್ರವಾಸವೇ ಬೇಡವೆನಿಸಿತು.

ಇವರು ಆಗ ಒಂದೇ ಒಂದು ಪ್ರಶ್ನೆ ಕೇಳಿದರು. "ಸಬ್ ಸೇ ಛೋಟಾ ಫ್ಲೇಮ್ ಕಿಸ್ಕಾ ಹೈ?"

ಮಾನಸಿ ಕಣ್ಣರಳಿಸಿದಳು. "ಅಂಕಲ್, ಸಬ್ ಲೋಗ್ ಪೂಛ್ತೇ ಹೈ ಸಬ್ ಸೇ ತೇಜ್ ಕೌನ್ಸಾ." ಎಲ್ಲರೂ ಕೇಳುವುದು ಯಾವುದು ಜೋರೆಂದು. ಸಣ್ಣ ಉರಿ ಕೇಳಿದವರು ನೀವೇ ಮೊದಲು.

"ಪಾನಿ ಉಬಾಲ್ನಾ ಸಬ್ ಕೋ ಆತಾ ಹೈ" ಎಂದರು ಇವರು. "ಗಂಜಿ ಕೋ ಸಬೂರಿ ಚಾಹಿಯೇ." ನೀರು ಯಾರು ಬೇಕಾದರೂ ಕುದಿಸುತ್ತಾರೆ, ಗಂಜಿಗೆ ತಾಳ್ಮೆ ಬೇಕು.

ಅವಳು ಗ್ಯಾಸಿನ ಒಲೆ ಹಚ್ಚಿ, ಕೀಲಿಯನ್ನು ಮೆಲ್ಲಗೆ ತಿರುಗಿಸಿದಳು. ಉರಿ ಇಳಿದು ಇಳಿದು ತುಂಬೆ ಹೂವಿನಷ್ಟಾಯಿತು, ಆರಲಿಲ್ಲ. ಇವರು ಬಗ್ಗಿ ಕಿವಿಯನ್ನು ಹತ್ತಿರ ತಂದರು. ಎಂಟು ತಿಂಗಳಲ್ಲಿ ಮೊದಲ ಸಲ ಇವರು ಬೆಂಕಿಯನ್ನು ಅಷ್ಟು ಹೊತ್ತು ನೋಡಿದ್ದು.

ಆದರೂ ನಾನು ಸುಮ್ಮನಾಗಲಿಲ್ಲ. ಮರಳುವ ಲೋಕಲ್ಲಿನಲ್ಲಿ, ಒಲೆಯ ಪೊಟ್ಟಣ ಮಡಿಲಲ್ಲಿದ್ದರೂ, ಪೆಟ್ರೋಲಿನದೇ ಆಗಬೇಕಿತ್ತು ಎಂದು ರಾಗ ಎಳೆದೆ. "ಅಲ್ಲಿ ಡಬ್ಬಿ ಸಿಗದಿದ್ದರೆ?" ಎಂದೆ. "ಸಿಕ್ಕಿದ್ರೆ?" ಎಂದರು. "ತಿರುಪು ಹೊಂದದಿದ್ದರೆ?" "ಹೊಂದಿದ್ರೆ?" ಮಲಾಡಿನಿಂದ ದಹಿಸರಿನವರೆಗೂ ಇದೇ ನಡೆಯಿತು. ಎದುರಿಗೆ ಕೂತ ಗುಜರಾತಿ ಹೆಂಗಸು ನಮ್ಮದು ಯಾವುದೋ ಮಂತ್ರವೆಂದುಕೊಂಡಿರಬೇಕು.

ಗ್ರಾಂಟ್ ರೋಡ್

ಹೋಟೆಲಿನವರಿಗೆ ಒಲೆ ತೋರಿಸದೆ ಹೋಗುವುದುಂಟೇ? ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಹೋದೆವು. ಸೀನಣ್ಣ ಅಲ್ಲಿಯ ಮುಖ್ಯ ಅಡುಗೆಯವನು, ಇವರ ಕೈಕೆಳಗೇ ಪಳಗಿದವನು. ಮಗುವೊಂದು ಕೂತು ಸ್ನಾನ ಮಾಡಬಹುದಾದಷ್ಟು ದೊಡ್ಡ ಸಾಂಬಾರಿನ ಪಾತ್ರೆಯ ಪಕ್ಕ ಈ ಒಲೆಯನ್ನಿಟ್ಟು, ಸೊಂಟಕ್ಕೆ ಕೈಯಿಟ್ಟು ನೋಡಿದ.

"ಧನಿಗಳೇ, ಇದು ಒಲೆಯಾ, ಒಲೆಯ ಮೊಮ್ಮಗಳಾ?"

ಅಡುಗೆಮನೆ ಗೊಳ್ಳೆಂದಿತು. ಇವರೂ ನಕ್ಕರು, ಆದರೆ ಹೊಸ್ತಿಲಾಚೆಯಿಂದ. ಒಳಗೆ ಬನ್ನಿ ಎಂದು ಸೀನಣ್ಣ ಕರೆದಾಗ "ನೆಲ ಚಂಡಿ ಉಂಟು" ಎಂದುಬಿಟ್ಟರು. ಆ ನೆಲ ನಲವತ್ತು ವರ್ಷದಿಂದಲೂ ಒದ್ದೆಯೇ. ಅದರ ಮೇಲೆ ಬರಿಗಾಲಲ್ಲಿ ಓಡಾಡಿ ಬೆಳೆದ ಮನುಷ್ಯ ಈಗ ಜಾರುತ್ತದೆಂದು ಹೊರಗೆ ನಿಂತಿದ್ದರು.

ಹೊರಡುವಾಗ ಸೀನಣ್ಣ ನನ್ನನ್ನು ಒತ್ತಟ್ಟಿಗೆ ಕರೆದ. "ಟೀಚರಕ್ಕ, ಹಾಲು ಉಕ್ಕಿಸಿ ಆಯ್ತಾ?"

"ಇದಕ್ಕೂ ಉಂಟಾ ಮಾರಾಯ?"

"ಒಲೆ ಅಂದ್ಮೇಲೆ ಒಲೆಯೇ ಅಲ್ವಾ? ಸಣ್ಣದು ಅಂತ ಬಿಡ್ಲಿಕ್ಕೆ ಆಗ್ತದಾ? ಒಂದ್ಸಲ ಹೊಸ ಬರ್ನರ್ ತಂದು, ಹಾಲು ಉಕ್ಕಿಸದೆ ಸೀದಾ ಎಣ್ಣೆ ಬಾಣಲೆ ಇಟ್ಟದ್ದು. ಎಂತ ಆಯ್ತು ನೋಡಿ." ತೋಳು ಮಡಚಿ ಮೊಣಕೈಯ ಹತ್ತಿರದ ಸುಟ್ಟ ಕಲೆ ತೋರಿಸಿದ. "ಅದೂ ಧನಿಗಳ ಗಂಜಿಯ ಒಲೆ. ನೋಡಿಕೊಳ್ಳಿ."

ಹೊಸ ಮನೆಗೆ, ಹೊಸ ಒಲೆಗೆ ಮೊದಲು ಹಾಲು ಉಕ್ಕಿಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ಹೋಟೆಲಿನಲ್ಲಿ ಅದು ನಡೆದಾಗಲೆಲ್ಲ ನಾನು ಗಲ್ಲಾಪೆಟ್ಟಿಗೆಯ ಬಳಿ ನಿಂತು ಪ್ರಸಾದ ತೆಗೆದುಕೊಂಡು ಬಂದವಳು. ನಾವು ಮನೆ ಮಾಡಿದಾಗ ಉಕ್ಕಿಸಿದ್ದು ನನ್ನ ಅತ್ತೆ. ಹೇಗೆ ಉಕ್ಕಿಸಬೇಕೆಂದು ಕೇಳಿ ತಿಳಿಯುವುದೇನಿದೆ? ಹಾಲಿಟ್ಟರೆ ಉಕ್ಕುತ್ತದೆ. ಎಚ್ಚರ ತಪ್ಪಿದಾಗಲೆಲ್ಲ ನನ್ನ ಮನೆಯಲ್ಲಿ ಉಕ್ಕಿಯೇ ಇದೆ.

ದಹಿಸರ್, ಬಾಲ್ಕನಿ

ಇವರಿಗೆ ಹೇಳಿದರೆ "ಮರ್ಲು ನಿಂಗೆ" ಎಂದು, ಹುಚ್ಚಿಯೆಂದು, ಬೈಯುತ್ತಾರೆ. ಆದ್ದರಿಂದ ಮಧ್ಯಾಹ್ನ ಗಂಜಿ ಕುಡಿದು ಅವರು ಮಲಗಿದ ಮೇಲೆ, ಕಳ್ಳಿಯ ಹಾಗೆ ಒಲೆ ಎತ್ತಿಕೊಂಡು ಬಾಲ್ಕನಿಗೆ ಹೋದೆ. ಅಭ್ಯಾಸಕ್ಕೆಂದು ಮಾನಸಿ ಒಂದು ಡಬ್ಬಿ ಕೊಟ್ಟಿದ್ದಳು. ತಿರುಪಿ ಕೂರಿಸಿದೆ. ನಮ್ಮ ಬಾಲ್ಕನಿ ಪಶ್ಚಿಮಕ್ಕೆ ಮುಖ ಮಾಡಿದೆ, ಒಲೆಯನ್ನಾದರೂ ಪೂರ್ವಕ್ಕೆ ತಿರುಗಿಸೋಣವೆಂದರೆ ದುಂಡು ಒಲೆಗೆ ಮುಖ ಯಾವುದು? ಕೀಲಿ ಇರುವ ಕಡೆಯೇ ಮುಖವೆಂದುಕೊಂಡು ಕುಂಕುಮ ಹಚ್ಚಿದೆ.

ಹಾಲು ಕಾಯಿತು, ಏರಿತು. ಚೆನ್ನಾಗಿ ಉಕ್ಕಿದಷ್ಟೂ ಒಳ್ಳೆಯದು ಎನ್ನುತ್ತಾರಲ್ಲ, ನಾನು ಕೈ ಕಟ್ಟಿ ನಿಂತೆ. ನಾಲ್ಕೂ ಕಡೆಯಿಂದ ಹಾಲು ಇಳಿದು ಒಲೆಯ ತಲೆಯ ಮೇಲೆ ಸುರಿದು, ಉರಿ ಚುಸ್ಸೆಂದು ಆರಿಹೋಯಿತು. ಗಡಬಡಿಸಿ ಕೀಲಿ ಮುಚ್ಚಿದೆ. ಆಮೇಲೆ ನಲ್ಲಿಯ ಕೆಳಗೆ ಹಿಡಿದು ತೊಳೆದು, ಒರೆಸಿ, ಬೋರಲಾಗಿ ಒಣಗಿಸಿ, ಗಂಧದ ಸಾಬೂನಿನ ಹೊದಿಕೆಯಲ್ಲಿ ಸುತ್ತಿಟ್ಟೆ. ಒಲೆ ಉರಿಯುತ್ತದೆಂದು ಪರೀಕ್ಷೆಯೂ ಆಯಿತು, ಶಾಸ್ತ್ರವೂ ಆಯಿತು. ನೂರು ಹೆದರಿಕೆಗಳಲ್ಲಿ ಒಂದು ಕಡಿಮೆಯಾಯಿತೆಂದು ಆ ದಿನ ನೆಮ್ಮದಿಯಿಂದ ಚಹಾ ಕುಡಿದೆ.

ವಿಮಾನ ನಿಲ್ದಾಣ

ನಮ್ಮ ಚೀಲವನ್ನು ಪಕ್ಕಕ್ಕೆ ತೆಗೆದಿಟ್ಟರು. ನನ್ನ ಜೀವ ಬಾಯಿಗೆ ಬಂತು. ಇವರು ನಿಂತು ದಣಿದಿದ್ದರಿಂದ ದೂರದ ಕುರ್ಚಿಯಲ್ಲಿ ಕೂತಿದ್ದರು, ನಾನೊಬ್ಬಳೇ ಹೋದೆ. ಮೀಸೆಯ ಅಧಿಕಾರಿಯೊಬ್ಬರು ಹುರಿದು ಒಡೆದ ಕುಚ್ಚಲಕ್ಕಿಯ ನುಚ್ಚಿನ ಪೊಟ್ಟಣಗಳನ್ನು ಸರಿಸಿ, ಒಲೆಯನ್ನು ಎತ್ತಿ ಮೂಗಿಗೆ ಹಿಡಿದರು.

"ಇಸ್ತೇಮಾಲ್ ಕಿಯಾ ಹೈ?" ಬಳಸಿದ್ದೀರಾ?

ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದ ನಾಲಿಗೆ. "ಏಕ್ ಬಾರ್" ಎಂದೆ. "ದೂಧ್."

"ದೂಧ್?"

"ಶಗುನ್ ಕೇ ಲಿಯೇ." ಶುಭಶಕುನಕ್ಕೆ.

ಅವರು ಇನ್ನೊಮ್ಮೆ ಮೂಸಿದರು. ಪೆಟ್ರೋಲಿಲ್ಲ, ಡಬ್ಬಿಯಿಲ್ಲ. ಮೀಸೆಯಡಿ ಸಣ್ಣ ನಗು ಕಂಡಿತು. "ದೂಧ ಉತೂ ಗೇಲಂ ನಾ?" ಎಂದು ಮರಾಠಿಯಲ್ಲಿ ಕೇಳಿದರು. ಹಾಲು ಉಕ್ಕಿತಲ್ಲ? ಅವರ ಮನೆಯಲ್ಲೂ ಅದೇ ಶಾಸ್ತ್ರವಿರಬೇಕು. ಹೂಂ, ಚೆನ್ನಾಗಿಯೇ ಉಕ್ಕಿತು ಎಂದೆ. ಚೀಲ ಮುಚ್ಚಿ ಕಳಿಸಿದರು. ಸೀನಣ್ಣನ ಮಾತು ಕೇಳಿದ್ದು ಎಷ್ಟು ಒಳ್ಳೆಯದಾಯಿತೆಂದು ಮನಸ್ಸಿನಲ್ಲೇ ಅವನಿಗೆ ಕೈ ಮುಗಿದೆ.

ಬಿಷ್ಕೆಕ್

ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್ಕಿನಲ್ಲಿ ನಮ್ಮ ಮೊದಲ ಅವಮಾನ ರಸ್ತೆ ದಾಟುವಾಗ ಆಯಿತು. ಪಟ್ಟೆಯ ಬಳಿ ನಿಂತೆವು. ಕಾರು ನಿಂತಿತು. ಕೆಟ್ಟುಹೋಗಿದೆಯೇನೋ ಎಂದುಕೊಂಡು, ಅದು ಹೋಗಲೆಂದು ನಾವು ಕಾದೆವು. ನಾವು ಹೋಗಲೆಂದು ಅದು ಕಾಯಿತು. ಕೊನೆಗೆ ಚಾಲಕ ಕೈಮುಗಿಯುವುದೊಂದು ಬಾಕಿ. ದಹಿಸರಿನ ಹೆದ್ದಾರಿ ದಾಟಿ ಬೆಳೆದ ಕಾಲುಗಳಿಗೆ ಮರ್ಯಾದೆ ಕೊಟ್ಟರೆ ನಡೆಯುವುದೇ ಮರೆತುಹೋಗುತ್ತದೆ.

ನಮ್ಮನ್ನು ಬೆಟ್ಟಕ್ಕೆ ಕರೆದೊಯ್ಯಬೇಕಾದ ಐಬೆಕ್ ಎಂಬ ಡ್ರೈವರು ಹರಕು ಇಂಗ್ಲಿಷ್ ಬಲ್ಲವನು. ಅವನನ್ನು ನಾನು ಮೊದಲು ಕೇಳಿದ್ದು ಗ್ಯಾಸಿನ ಡಬ್ಬಿ. ಅವನು ಕರೆದೊಯ್ದ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಡಬ್ಬಿಗಳೇ. ತಿರುಪು ಹೊಂದಿತು. ಲೇಬಲ್ಲು ರಷ್ಯನ್ ಭಾಷೆಯಲ್ಲಿ. ಪ್ರೊಪೇನ್ ಇದೆಯೇ ಎಂದು ಐಬೆಕ್‌ನಿಂದ ಮೂರು ಸಲ ಓದಿಸಿದೆ, ಇದೆ ಎಂದ. ಎರಡು ದಿನದ ಬೆಟ್ಟಕ್ಕೆ ಆರು ಡಬ್ಬಿ ತೆಗೆದುಕೊಂಡೆ. ಇದರಲ್ಲಿ ಒಂದು ಮದುವೆಯ ಅಡುಗೆ ಆಗುತ್ತದೆ ಎಂದು ಅವನು ನಕ್ಕ. ಇವರು ನನ್ನ ಕಡೆ ನೋಡಿ "ಸಿಕ್ಕಿದ್ರೆ?" ಎಂದರು.

ಊರಿನಲ್ಲಿದ್ದ ಎರಡು ದಿನ ಒಲೆ ಹಚ್ಚುವ ಅಗತ್ಯ ಬೀಳಲಿಲ್ಲ. ವಸತಿಗೃಹದ ಕೋಣೆಯಲ್ಲಿ ಬೆಂಕಿ ಹಚ್ಚಕೂಡದು. ಅವರ ಬಿಸಿನೀರನ್ನು ಥರ್ಮಾಸಿಗೆ ಹಾಕಿ ನುಚ್ಚು ನೆನೆಸಿಟ್ಟರೆ ಮೂರು ಗಂಟೆಯೊಳಗೆ ಗಂಜಿ. ಅಲ್ಲಿಯ ಊಟದ ಮೇಜಿನಲ್ಲಿ ದುಂಡು ರೊಟ್ಟಿಯೊಂದನ್ನು ಎತ್ತಿ ನೋಡಿ ಇವರು ಬೋರಲಾಗಿ ಇಟ್ಟರು. ಮನೆಯೊಡತಿ ಸದ್ದಿಲ್ಲದೆ ಬಂದು ಅದನ್ನು ಮುಖ ಮೇಲಾಗಿ ತಿರುಗಿಸಿ ಹೋದಳು. ರೊಟ್ಟಿಯನ್ನು ಮಗುಚಿ ಇಡುವುದು ಅವರಿಗೆ ಅಪಚಾರವಂತೆ. ಅಕ್ಕಿಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಇವರು ಕೂಡಲೇ ರೊಟ್ಟಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮನೆಯೊಡತಿಗೆ ಅದು ಅರ್ಥವಾಯಿತೆಂದು ಅವಳ ಮುಖದಲ್ಲೇ ಕಂಡಿತು.

ಸೊಂಗ್-ಕುಲ್, ಸಂಜೆ

ಕ್ಯಾಲೆಂಡರಿನ ಚಿತ್ರದಲ್ಲಿ ಚಳಿ ಇರಲಿಲ್ಲ. ಸೊಂಗ್-ಕುಲ್ ಸರೋವರ ಮೂರು ಸಾವಿರ ಮೀಟರ್ ಎತ್ತರದಲ್ಲಿದೆ. ಜುಲೈ ತಿಂಗಳಲ್ಲೂ ಗಾಳಿ ಸೆರಗಿನೊಳಗೆ ಹೊಕ್ಕು ಮೂಳೆ ಎಣಿಸುತ್ತಿತ್ತು. ಕಣ್ಣು ಹಾಯುವವರೆಗೆ ಒಂದು ಮರವಿಲ್ಲ, ಹುಲ್ಲು, ನೀರು, ಆಕಾಶ. ಇವರು ಕಾರಿನಿಂದಿಳಿದು, ಟೋಪಿ ತೆಗೆದು, ನೀರಿನ ಕಡೆಗೆ ನಾಲ್ಕು ಹೆಜ್ಜೆ ನಡೆದರು.

ನಾವು ಉಳಿದ ಡೇರೆಯ ಯಜಮಾನಿ ಗುಲ್ನಾರಾ, ಕೆಂಪು ಕೆನ್ನೆಯ ಗಟ್ಟಿ ಹೆಂಗಸು. ಕೂರಿಸಿ, ಪಿಂಗಾಣಿ ಬಟ್ಟಲಲ್ಲಿ ಚಹಾ ಕೊಟ್ಟಳು. ಬಟ್ಟಲಿಗೆ ಅರ್ಧವೇ. ಇವರೊಳಗಿನ ಹೋಟೆಲಿನ ಮನುಷ್ಯ ಎಚ್ಚೆತ್ತ. "ಇದೆಂತ ಇಲ್ಲಿಯೂ ಕಟಿಂಗಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಮುಂಬಯಿಯಲ್ಲಿ ಅರ್ಧ ಲೋಟ ಚಹಾಕ್ಕೆ ಕಟಿಂಗ್ ಎನ್ನುತ್ತಾರೆ, ಅದು ಅವಸರದವರ ಲೆಕ್ಕ. ಐಬೆಕ್ ವಿವರಿಸಿದ. ಇಲ್ಲಿ ಬಟ್ಟಲು ತುಂಬಿಸಿ ಕೊಟ್ಟರೆ 'ಕುಡಿದು ಹೊರಡಿ' ಎಂದಂತೆ. ಅರ್ಧ ಕೊಟ್ಟರೆ 'ಕೂತಿರಿ, ಇನ್ನೂ ಹಾಕುತ್ತೇನೆ' ಎಂದಂತೆ. ಇವರು ತಮ್ಮ ಬಟ್ಟಲನ್ನೂ, ನನ್ನದನ್ನೂ, ಐಬೆಕ್‌ನದನ್ನೂ, ಗುಲ್ನಾರಾಳದನ್ನೂ ನೋಡಿದರು. ಎಲ್ಲವೂ ಅರ್ಧವೇ.

ಅಷ್ಟರಲ್ಲಿ ಕುರಿಮಾಂಸದ ದೊಡ್ಡ ಪಾತ್ರೆಯ ಮುಚ್ಚಳ ತೆರೆಯಿತು. ಕೊಬ್ಬಿನ ಹಬೆ ಡೇರೆ ತುಂಬಿತು. ತಪ್ಪು ಅವರದಲ್ಲ, ಅತಿಥಿಗೆಂದೇ ಬೇಯಿಸಿದ್ದು. ಆದರೆ ಇವರ ಹೊಟ್ಟೆ ಈಗ ವಾಸನೆಗೇ ಬೆದರುವ ಹೊಟ್ಟೆ. ಹೊರಗೆ ಓಡಿ ಕುಡಿದ ಚಹಾವನ್ನೆಲ್ಲ ಕಾರಿಕೊಂಡರು. ಥರ್ಮಾಸಿನ ಗಂಜಿ ದಾರಿಯಲ್ಲೇ ತಣ್ಣಗಾಗಿತ್ತು, ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಒಲೆ ಹಚ್ಚಿ ಬೇರೆ ಗಂಜಿ ಮಾಡುತ್ತೇನೆಂದರೂ ಬೇಡವೆಂದು, ಏನೂ ತಿನ್ನದೆ ಮಲಗಿದರು. ಆ ರಾತ್ರಿಯ ಬಗ್ಗೆ ಬರೆಯುವುದಿಲ್ಲ, ನಾನು ಅವರ ಉಸಿರು ಎಣಿಸಿದೆ ಅಷ್ಟೇ.

ಸೊಂಗ್-ಕುಲ್, ಬೆಳಗ್ಗೆ

ಬೆಳಕಾದಾಗ ಇವರ ಕೈ ನಡುಗುತ್ತಿತ್ತು. ಹಣೆಯಲ್ಲಿ ತಣ್ಣನೆಯ ಬೆವರು. ಬೋರಿವಲಿಯ ಅದೇ ಮುಖ. ಬೋರಿವಲಿಯಲ್ಲಾದರೆ ರಿಕ್ಷಾ ಇತ್ತು, ಆಸ್ಪತ್ರೆ ಇತ್ತು. ಇಲ್ಲಿ ಹತ್ತಿರದ ಊರಿಗೆ ಅರ್ಧ ದಿನದ ಗುಡ್ಡದ ದಾರಿ. ಗುಲ್ನಾರಾ ತನ್ನ ಒಲೆಯಿಂದ ಬಿಸಿನೀರು ತಂದುಕೊಟ್ಟಳು. ಅದರಲ್ಲೂ ಕೊಬ್ಬಿನ ವಾಸನೆ ಎಂದು ಇವರು ಮುಖ ತಿರುಗಿಸಿದರು.

ನಾನು ಒಲೆಯನ್ನು ಡೇರೆಯ ಹೊರಗೆ, ಗಾಳಿಯ ಮರೆಗೆ ಒಯ್ದೆ. ಡಬ್ಬಿ ತಿರುಪಿ, ಕಡ್ಡಿ ಗೀರಿದೆ. ಹಳದಿ ನಾಲಗೆಯೊಂದು ಮೇಲೆದ್ದು, ಪುಸಪುಸ ಎಂದು ಕೆಮ್ಮಿ, ಆರಿಹೋಯಿತು. ಮತ್ತೆ ಹಚ್ಚಿದೆ. ಮತ್ತೆ ಕೆಮ್ಮಿ, ಮತ್ತೆ ಆರಿತು.

ಡಬ್ಬಿಯೇ ಸರಿಯಿಲ್ಲ ಎಂದುಕೊಂಡು ಎರಡನೆಯದು ಹಾಕಿದೆ, ಮೂರನೆಯದು ಹಾಕಿದೆ. ಪ್ರೊಪೇನ್ ಇಲ್ಲದ್ದನ್ನೇ ಕೊಟ್ಟು ಮೋಸ ಮಾಡಿದರು ಎಂದು ಐಬೆಕ್‌ನ ಮೇಲೆ ಕನ್ನಡದಲ್ಲೇ ಹರಿಹಾಯ್ದೆ. ಪಾಪ, ಅವನು ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನ ಬಟ್ಟಲಲ್ಲಿ ಇಟ್ಟು ಚಳಿ ಬಿಡಿಸಿದ. ಆದರೂ ಅದೇ ಹಳದಿ ಕೆಮ್ಮು. ಪೆಟ್ರೋಲಿನದು ತಂದಿದ್ದರೆ ಐಬೆಕ್‌ನ ಕಾರಿನಿಂದಲೇ ಎಣ್ಣೆ ತೆಗೆಯಬಹುದಿತ್ತು. ಸ್ಪಿರಿಟ್ ತಂದಿದ್ದರೆ ಕೆಡಲು ಅದರಲ್ಲಿ ಏನೂ ಇರುತ್ತಿರಲಿಲ್ಲ. ನನ್ನ ಮಾತು ಕೇಳಿದ್ದರೆ, ನನ್ನ ಮಾತು ಕೇಳಿದ್ದರೆ ಎಂದು ಗೊಣಗುತ್ತ ನಾಲ್ಕನೆಯ ಡಬ್ಬಿಗೆ ಕೈ ಹಾಕಿದೆ. ಕಣ್ಣೀರು ಇಳಿಯುತ್ತಿತ್ತು.

"ಇಲ್ಲಿ ಕೊಡು."

ಕಂಬಳಿ ಹೊದ್ದು ಬಾಗಿಲಲ್ಲಿ ಕೂತಿದ್ದ ಇವರು ಕೈ ಚಾಚಿದ್ದರು. ಕೊಟ್ಟೆ. ಒಮ್ಮೆ ಹಚ್ಚಿ, ಕಿವಿ ಇಟ್ಟು ಕೇಳಿದರು. "ಗ್ಯಾಸಿಗೆ ಎಂತದೂ ಆಗ್ಲಿಲ್ಲ. ಒಲೆಯ ಗಂಟಲು ಕಟ್ಟಿದೆ." ಡಬ್ಬಿಯನ್ನು ಬಿಚ್ಚಿ ದೂರವಿಟ್ಟು, ಬರ್ನರಿನ ತಲೆಯನ್ನು ತಿರುಗಿಸಿ ತೆಗೆದರು. ಒಳಗೆ ಕಂದು ಬಣ್ಣದ ಚಕ್ಕೆಗಳು. ಉಗುರಿನಲ್ಲಿ ಒಂದನ್ನು ಕೆರೆದು ಮೂಗಿಗೆ ಹಿಡಿದರು. ನಲವತ್ತು ವರ್ಷದ ಹೋಟೆಲಿನ ಮೂಗು.

"ಹಾಲು!" ಎಂದರು. ನನ್ನ ಕಡೆ ತಿರುಗಿದರು. "ಇದಕ್ಕೆ ಹಾಲು ಉಕ್ಕಿಸಿದ್ದು ಯಾರು?"

ಶಾಲೆಯಲ್ಲಿ ನಾನು ಪ್ರಶ್ನೆ ಕೇಳಿದಾಗ ಮಕ್ಕಳು ಹೇಗೆ ನಿಲ್ಲುತ್ತಿದ್ದರೋ ಹಾಗೆ ನಿಂತೆ. ಸೀನಣ್ಣನ ಮಾತು, ಮಧ್ಯಾಹ್ನದ ಬಾಲ್ಕನಿ, ಕುಂಕುಮ, ಎಲ್ಲ ಒದರಿದೆ. "ನಿಮಗೇ ಏನೂ ಆಗದಿರಲಿ ಅಂತ ಮಾಡಿದ್ದು. ನಾನೇ ನಿಮ್ಮನ್ನು ಇಲ್ಲಿ ತಂದು ಕೊಲ್ತಾ ಇದ್ದೇನೆ" ಎಂದು ಅತ್ತುಬಿಟ್ಟೆ.

"ಎಷ್ಟು ಹಾಲು ಚೆಲ್ಲಿದ್ದಿ?"

"ಎಲ್ಲ."

"ಎಲ್ಲ!" ಇವರು ಒಲೆಯನ್ನು ತೊಡೆಯ ಮೇಲಿಟ್ಟುಕೊಂಡರು. "ಮಾರಾಯ್ತಿ, ಹೋಟೆಲಲ್ಲಿ ಉಕ್ಕಿಸುವಾಗ ಪಾತ್ರೆ ಅಡಿಗೆ ಒಂದು ಅಂಚಿನ ತಟ್ಟೆ ಇಡ್ತೇವೆ. ಹಾಲು ತಟ್ಟೆಗೆ ಬೀಳ್ಬೇಕು, ಬರ್ನರಿಗೆ ಅಲ್ಲ. ಒಂದು ಗುಟುಕು ಉಕ್ಬೇಕು, ಕೂಡ್ಲೇ ಇಳಿಸ್ಬೇಕು. ಇಲ್ಲದಿದ್ರೆ ಒಂದೊಂದು ಶಾಸ್ತ್ರಕ್ಕೆ ಒಂದೊಂದು ಬರ್ನರ್ ಹೋಗ್ತಿತ್ತು. ಸೀನ ಅದನ್ನು ಹೇಳ್ಲಿಲ್ವಾ?"

ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ಗಲ್ಲಾಪೆಟ್ಟಿಗೆಯ ಬಳಿ ನಿಂತು ಪ್ರಸಾದ ತಿಂದವಳಿಗೆ ತಟ್ಟೆಯ ವಿಷಯ ಹೇಗೆ ಗೊತ್ತಾಗಬೇಕು?

ಇವರು ಬಿಸಿನೀರು ಕೇಳಿ ತರಿಸಿಕೊಂಡರು, ಈ ಸಲ ವಾಸನೆಯ ಮಾತೆತ್ತಲಿಲ್ಲ. ಅದರಲ್ಲಿ ಬರ್ನರಿನ ತಲೆ ನೆನೆಸಿ ಚಕ್ಕೆ ಉಜ್ಜಿದರು. ಗ್ಯಾಸು ಬರುವ ತೂತು ಮಾತ್ರ ಕೂದಲೆಳೆಯಷ್ಟು. ನನ್ನ ಪಿನ್ನು ಅದರೊಳಗೆ ಹೋಗಲಿಲ್ಲ. ಬೆರಳುಗಳನ್ನು ಜೋಡಿಸಿ ಸಣ್ಣದು, ಸಣ್ಣದು ಎಂದು ಗುಲ್ನಾರಾಳಿಗೆ ತೋರಿಸಿದರು. ಅವಳು ಒಂದು ಕ್ಷಣ ಯೋಚಿಸಿ, ಕಟ್ಟಿದ್ದ ಕುದುರೆಯ ಬಳಿಗೆ ಹೋಗಿ, ಅದರ ಬಾಲದಿಂದ ಒಂದು ಕೂದಲು ಕಿತ್ತು ತಂದಳು. ಕುದುರೆ ನಮ್ಮೆಲ್ಲರನ್ನೂ ಬೇಸರದಿಂದ ನೋಡಿತು.

ಆ ಕೂದಲನ್ನು ತೂತಿಗೆ ಪೋಣಿಸುವಾಗ ಇವರ ಕೈ ನಡುಗುತ್ತಿತ್ತು. ಒಮ್ಮೆ ತಪ್ಪಿತು, ಮತ್ತೊಮ್ಮೆ ತಪ್ಪಿತು. ನಾನು ಕೊಡಿ ಎನ್ನಲು ಬಾಯಿ ತೆರೆದು ಮುಚ್ಚಿಕೊಂಡೆ. ಮೂರನೆಯ ಸಲ ಕೂದಲು ಒಳಗೆ ಹೋಗಿ ಆಚೆ ಬಂತು. ಊದಿ, ಒರೆಸಿ, ಕಂಬಳಿಯೊಳಗೆ ಬೆಚ್ಚಗೆ ಒಣಗಿಸಿ, ಜೋಡಿಸಿ, ಕಡ್ಡಿ ಗೀರಿದರು.

ನೀಲಿ. ಅಂಚೆಲ್ಲ ಒಂದೇ ಸಮನಾದ ನೀಲಿ ಉರಿ, ಸಣ್ಣದಾಗಿ ಹಾಡುತ್ತ. ಐಬೆಕ್ ಚಪ್ಪಾಳೆ ತಟ್ಟಿದ.

ನುಚ್ಚು ಹಾಕಲು ನಾನು ಮುಂದೆ ಬಂದರೆ "ನೀನು ಕೂತ್ಕೋ" ಎಂದರು. ಕೀಲಿ ತಿರುಗಿಸಿ ಉರಿಯನ್ನು ತುಂಬೆ ಹೂವಿನಷ್ಟಕ್ಕೆ ಇಳಿಸಿ, ಸೌಟು ಹಿಡಿದು ಕೂತರು. ಎತ್ತರದ ಜಾಗದಲ್ಲಿ ಅಕ್ಕಿ ಬೇಯುವುದು ನಿಧಾನ. ಯಾರೂ ಬೇಗ ಬೇಗ ಎನ್ನಲಿಲ್ಲ. ನನಗೆ ಒಳಗೊಳಗೇ ಹಾಗೆ ಅನ್ನಿಸುತ್ತಿದ್ದರೂ ತುಟಿ ಕಚ್ಚಿಕೊಂಡೆ. ಸರೋವರದ ಮೇಲೆ ಬಿಸಿಲು ಬಂತು. ಕುಚ್ಚಲಕ್ಕಿ ಬೇಯುವ ವಾಸನೆ ಎದ್ದಿತು, ಅದು ಕುರಿಯ ಕೊಬ್ಬನ್ನೂ ಚಳಿಯನ್ನೂ ಪಕ್ಕಕ್ಕೆ ತಳ್ಳಿತು. ಇವರ ಕೈಯ ನಡುಕ ಯಾವಾಗ ನಿಂತಿತೋ ನಾನು ನೋಡಲಿಲ್ಲ. ನೋಡಿದಾಗ ನಿಂತಿತ್ತು.

ಬಡಿಸಿದವಳು ಗುಲ್ನಾರಾ. ಅವಳ ಡೇರೆಯೆದುರು ಬೇರೆಯವರು ಬಡಿಸಲು ಅವಳು ಬಿಡಲಿಲ್ಲ. ನಾಲ್ಕು ಬಟ್ಟಲು, ನಾಲ್ಕಕ್ಕೂ ಅರ್ಧರ್ಧ. ಇವರು ಊದಿ ಊದಿ ಕುಡಿದರು. ಖಾಲಿ ಬಟ್ಟಲನ್ನು ಕೆಳಗಿಡಲಿಲ್ಲ, ಚಾಚಿದರು. ಅವಳು ಮತ್ತೆ ಅರ್ಧ ಹಾಕಿದಳು. ಅದೂ ಮುಗಿಯಿತು, ಮತ್ತೆ ಚಾಚಿದರು. ಹತ್ತು ತಿಂಗಳಿಂದ ಇವರು ಉಣ್ಣುವುದಿಲ್ಲವೆಂದು ಹೆದರಿದ್ದ ನಾನು, ಹೆಚ್ಚಾಯಿತೇನೋ, ಡಾಕ್ಟರರು ಏನೆನ್ನುತ್ತಾರೋ ಎಂದು ಹೆದರತೊಡಗಿದೆ. ನನ್ನ ಮುಖ ನೋಡಿ ಇವರು ನಕ್ಕು ಬಟ್ಟಲು ಇಳಿಸಿದರು.

ಮರಳಿ ದಹಿಸರ್

ಊರಿಗೆ ಬಂದು ವಾರಕ್ಕೆ ಗ್ರಾಂಟ್ ರೋಡಿಗೆ ಹೋದೆವು. ಇವರು ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ಸೀದಾ ಅಡುಗೆಮನೆಯೊಳಗೆ ನಡೆದು, "ಸೀನ, ಟೀಚರಿಗೆ ಆ ತಟ್ಟೆ ತೋರಿಸು" ಎಂದರು. ಸೀನಣ್ಣ ಅಂಚು ಸುಟ್ಟು ಕರ್ರಗಾದ ಹಿತ್ತಾಳೆ ತಟ್ಟೆಯನ್ನು ತಂದು ತೋರಿಸಿದ. ಅಷ್ಟು ವರ್ಷ ನಾನು ಪ್ರಸಾದ ತಿಂದದ್ದು ಆ ತಟ್ಟೆಯಿಂದಲೇ.

ಪುಟ್ಟ ಒಲೆ ಈಗ ನಮ್ಮ ಅಡುಗೆಕಟ್ಟೆಯ ಮೂಲೆಯಲ್ಲಿ, ಕುದುರೆಯ ಕೂದಲೊಂದನ್ನು ಕಾಲಿಗೆ ಸುತ್ತಿಕೊಂಡು ಕೂತಿದೆ. ಗಂಜಿ ಇವರೇ ಬೇಯಿಸುತ್ತಾರೆ. ಬೀಗ ಹಾಕಿದ್ದೇನೋ ಇಲ್ಲವೋ ಎಂದು ನಾನು ಈಗಲೂ ಮೂರು ಮಾಳಿಗೆ ಹತ್ತುತ್ತೇನೆ, ಅದು ಹೋಗುವುದಲ್ಲ. ಆದರೆ ಮೇಜಿನ ಮೇಲೆ ಒಂದು ಬದಲಾವಣೆಯಾಗಿದೆ. ಬಂದ ಮರುದಿನ ಬೆಳಗ್ಗೆ ನಾನು ಎರಡೂ ಬಟ್ಟಲಿಗೆ ಅರ್ಧ ಅರ್ಧವೇ ಗಂಜಿ ಹಾಕಿದೆ. ಇವರು ನನ್ನ ಬಟ್ಟಲನ್ನು ನೋಡಿದರು, ತಮ್ಮದನ್ನು ನೋಡಿದರು. ಕುಡಿದು ಮುಗಿಸಿ, ಖಾಲಿ ಬಟ್ಟಲನ್ನು ನನ್ನ ಕಡೆ ಚಾಚಿದರು.

"ಇನ್ನೂ ಸ್ವಲ್ಪ ಕೂತಿರ್ತೇನೆ" ಎಂದರು. "ಹಾಕು."